ಸಾಲಗಾರನೊಬ್ಬನ ಸಿನಿಮಾ

ಪ್ರೀತಿಯ ಮಂಜು,

ಕಾರ್ಟೂನ್ ಬರೆಯುವವನು ನೀನು. ಅದಕ್ಕೇ ಈ ಸಿನಿಮಾ ಬಗ್ಗೆ ಮೊದಲು ನಿನಗೆ ಹೇಳಬೇಕು ಅನ್ನಿಸಿತು. ಹೆಸರು 'ಎಲ್ ಗ್ರಾನ್ ವಾಸ್ಕೆಸ್'. 2010ರ ಸ್ಪ್ಯಾನಿಷ್ ಚಿತ್ರ, ನಿರ್ದೇಶಕ ಓಸ್ಕರ್ ಐಬಾರ್. ನಾಯಕ ಮ್ಯಾನುಯೆಲ್ ವಾಸ್ಕೆಸ್ ನಿಜವಾಗಿ ಬದುಕಿದ್ದ ವ್ಯಂಗ್ಯಚಿತ್ರಕಾರ. 1930ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿ, ಬಾರ್ಸಿಲೋನಾದಲ್ಲಿ ಹೆಸರು ಮಾಡಿದವನು. ಗಿಲ್ಡಾ ಸೋದರಿಯರು, ಗೂಢಚಾರಿ ಅನಾಕ್ಲೆಟೊ ಎಲ್ಲ ಇವನ ಕೈಯಿಂದಲೇ ಹುಟ್ಟಿದ್ದು.

ಕೈ ಚಿನ್ನದಂಥದ್ದು, ಬುದ್ಧಿ ಮಾತ್ರ ಮಹಾ ಖದೀಮನದು. ಟೈಲರ್‌ಗೆ ಸಾಲ, ಮನೆ ಮಾಲೀಕನಿಗೆ ಸಾಲ. ಅಪ್ಪ ತೀರಿಕೊಂಡ ಅಂತ ಹೇಳಿ ಮುಂಗಡ ಇಸ್ಕೊಳ್ಳುತ್ತಿದ್ದನಂತೆ. ಅದೂ ಒಂದೇ ಸಲ ಅಲ್ಲ! ಒಬ್ಬ ಹೆಂಡತಿ ಇದ್ದಾಗಲೇ ಇನ್ನೊಬ್ಬಳನ್ನು ಕಟ್ಟಿಕೊಂಡ, ಜೈಲಿಗೂ ಹೋಗಿ ಬಂದ. ಸಾಂಟಿಯಾಗೊ ಸೆಗೂರಾ ಈ ಪಾತ್ರವನ್ನು ಎಷ್ಟು ರಾಜಾರೋಷವಾಗಿ ಮಾಡಿದ್ದಾನೆ ಅಂದರೆ, ಬೈಯೋಣ ಅಂದುಕೊಂಡರೂ ನಗು ಬರುತ್ತದೆ.

ನಿನಗೆ ಇಷ್ಟವಾಗುವ ಒಂದು ವಿಷಯ ಇದೆ. ವಾಸ್ಕೆಸ್ ಬರೆಯುತ್ತಿದ್ದ ಬ್ರುಗೆರಾ ಪ್ರಕಾಶನಕ್ಕೇ ಬರೆಯುತ್ತಿದ್ದ ಇಬಾನ್ಯೆಸ್ ಅನ್ನುವ ಕಲಾವಿದ 1961ರಲ್ಲಿ '13, ರೂ ದೆಲ್ ಪೆರ್ಸೆಬೆ' ಅನ್ನುವ ಕಾರ್ಟೂನ್ ಶುರು ಮಾಡಿದ. ಒಂದೇ ಪುಟ, ಪುಟದ ತುಂಬ ಎದುರು ಗೋಡೆಯಿಲ್ಲದ ಒಂದು ವಠಾರ. ಒಂದೊಂದು ಮನೆಯಲ್ಲೂ ಒಂದೊಂದು ಜೋಕು. ತಾರಸಿ ಮೇಲಿನ ಕೋಣೆಯಲ್ಲಿ ಒಬ್ಬ ಮಹಾ ಸಾಲಗಾರ, ಸಾಲ ಕೊಟ್ಟವರು ಬಂದಾಗಲೆಲ್ಲ ಹೊಸ ಹೊಸ ಉಪಾಯ ಹೂಡಿ ಅವರಿಗೆ ಚಳ್ಳೆಹಣ್ಣು ತಿನ್ನಿಸುತ್ತಾನೆ. ಅವನೇ ನಮ್ಮ ವಾಸ್ಕೆಸ್. ವಾಸ್ಕೆಸ್ ಏನು ಕಡಿಮೆಯೇ? ಮುಂದೆ ತನ್ನನ್ನೇ ಪಾತ್ರ ಮಾಡಿಕೊಂಡು, ಬಾಕಿ ವಸೂಲಿಗೆ ಬರುವ ಟೈಲರ್‌ಗಳಿಂದ ಓಡಿಹೋಗುವ ಕಥೆ ಬರೆದು ಅದಕ್ಕೂ ದುಡ್ಡು ಎಣಿಸಿಕೊಂಡ.

ಆದರೆ ನಿಜವಾದ ಟೋಪಿ ಹಾಕಿದ್ದು ಯಾರು ಅಂತ ಯೋಚನೆ ಮಾಡು. ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ಆಳುತ್ತಿದ್ದ ಕಾಲ ಅದು. ಬ್ರುಗೆರಾ ಪ್ರಕಾಶನದಲ್ಲಿ ಬರೆದ ಚಿತ್ರ, ಹುಟ್ಟಿಸಿದ ಪಾತ್ರ ಎಲ್ಲ ಕಂಪನಿಯ ಸೊತ್ತು. ಮೂಲ ಚಿತ್ರವನ್ನೂ ವಾಪಸ್ ಕೊಡುತ್ತಿರಲಿಲ್ಲ. ವಾಸ್ಕೆಸ್ ಪುಟ ಕೊಡದೆ ನಾಪತ್ತೆಯಾದರೆ ಬೇರೆಯವರ ಕೈಯಲ್ಲಿ ಅವನ ಪಾತ್ರಗಳನ್ನು ಬರೆಸುತ್ತಿದ್ದರು. 1957ರಲ್ಲಿ ಐದು ಜನ ಕಲಾವಿದರು ಸಿಟ್ಟಿಗೆದ್ದು ಹೊರಬಂದು 'ತಿಯೊ ವಿವೊ' ಅನ್ನುವ ಸ್ವಂತ ಪತ್ರಿಕೆ ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಪತ್ರಿಕೆಯೂ ಬ್ರುಗೆರಾ ಕೈಗೇ ಹೋಯಿತು, ಅವರೂ ವಾಪಸ್ ಬಂದರು. ನ್ಯಾಯವಾಗಿ ಹೋದವರ ಗತಿ ಇದು. ವಾಸ್ಕೆಸ್ ಮುಂಗಡ ಹೊಡೆದುಕೊಂಡು ಮಾಯವಾಗುತ್ತಿದ್ದದ್ದು ನನಗೆ ಈಗ ಅಷ್ಟು ದೊಡ್ಡ ತಪ್ಪಾಗಿ ಕಾಣುವುದಿಲ್ಲ.

ಹಾಗಂತ ಅವನನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ಕಂಪನಿಗೆ ಪಂಗನಾಮ ಹಾಕಿದ್ದು ಸರಿ, ಆ ಬಡ ಟೈಲರ್ ಏನು ಮಾಡಿದ್ದ? ಹೆಂಡತಿ ಮಕ್ಕಳು ಏನು ಮಾಡಿದ್ದರು? ಸಿನಿಮಾ ಇಲ್ಲೇ ಸ್ವಲ್ಪ ಜಾರಿಕೊಳ್ಳುತ್ತದೆ, ಹೀರೋನ ಮೇಲೆ ಪ್ರೀತಿ ಜಾಸ್ತಿ ಆಗಿಬಿಟ್ಟಿದೆ. ಹೆಂಗಸರ ಪಾಲಿನ ಕಥೆಯನ್ನು ಇನ್ನೊಂದಿಷ್ಟು ಹೇಳಬೇಕಿತ್ತು ಅನ್ನಿಸಿತು.

ಸಿಕ್ಕರೆ ನೋಡು. ನೀನು ಸುಮ್ನೆ ನಕ್ಕು ಬಿಡುವವನಲ್ಲ, ಜಗಳಕ್ಕೆ ಏನಾದರೂ ಹುಡುಕಿಯೇ ಹುಡುಕುತ್ತೀಯ ಅಲ್ವಾ? ಬರೆದು ಕಳಿಸು.

ಇಂತಿ ನಿನ್ನ,
ಸುರೇಶ