ಎಮ್ಮೆಕಲ್ಲಿನ ಕಾಲು ಇನ್ನೂ ಕಾಣುತ್ತಿದೆ

ಪ್ರೀತಿಯ ಗಣಪು,

ನೀ ಕಳಿಸಿದ ಫೋಟೋ ನೋಡಿ ಮೊದಲು ಅದು ಯಾವುದೋ ಕಲ್ಲುಕ್ವಾರಿ ಅಂದುಕೊಂಡೆ. ಆಮೇಲೆ ಮೂಲೆಯಲ್ಲಿ ನೀಲಿ ಬಾಗಿಲಿನ ಐಸ್‌ಕ್ರೀಮ್ ಗೂಡಂಗಡಿ ಕಂಡಿತು. ಕಳೆದ ಆಗಸ್ಟಿನಲ್ಲಿ ನೀನು ಅರ್ಧ ಚಡ್ಡಿ ಹಾಕಿಕೊಂಡು, ಮೈಯೆಲ್ಲ ಬೇಯಿಸಿದ ಏಡಿಯ ಬಣ್ಣವಾಗಿ, ಹೊಯ್ಗೆ (ಮರಳು) ಮೇಲೆ ನಿಂತು ಪೋಸು ಕೊಟ್ಟಿದ್ದೆಯಲ್ಲ, ಅದೇ ಜಾಗ. ಈಗ ಅಂಗಡಿಯ ಮೆಟ್ಟಿಲು ನೆಲಕ್ಕೆ ತಾಗುತ್ತಿಲ್ಲ. ಕೆಳಗೆ ಹೊಯ್ಗೆ ಇರಬೇಕಾದಲ್ಲಿ ಬರೀ ಗುಂಡುಕಲ್ಲು.

‘ನೀನು ಸಮುದ್ರದ ಬದಿಯವ, ಹೇಳು, ಈ ಹೊಯ್ಗೆ ವಾಪಸ್ ಬರ್ತದಾ?’ ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ಒಂದು ಹೆಬ್ಬೆಟ್ಟು ಒತ್ತಿ ಮುಗಿಸಬಹುದಿತ್ತು. ಇಲ್ಲಿ ಎಲ್ಲರೆದುರು ಬರೆಯುವುದಕ್ಕೆ ಒಂದು ಕಾರಣ ಇದೆ. ಅದು ಬರುವಾಗ ಬರುತ್ತದೆ. (ಕುಮಟಾ ಬಸ್ಸಿನ ಕೋಳಿ ವಿಷಯ ಎತ್ತುವುದಿಲ್ಲ, ಹೆದರಬೇಡ.)

ಬರುತ್ತದೆ ಮಾರಾಯ. ನಿಮ್ಮ ಇಂಗ್ಲೆಂಡಿನ ಕಾರ್ನ್‌ವಾಲಿಗೆ ಚಳಿಗಾಲ ಹೇಗೋ ನಮಗೆ ಮಳೆಗಾಲ ಹಾಗೆ. ನೀವು ಅಕ್ಟೋಬರಿನಿಂದ ಮಾರ್ಚಿನವರೆಗೆ ಹೊಡೆತ ತಿನ್ನುತ್ತೀರಿ, ನಾವು ಜೂನಿನಿಂದ ಸೆಪ್ಟೆಂಬರಿನವರೆಗೆ. ತುಫಾನಿನ ತೆರೆ ಒಂದರ ಬೆನ್ನಿಗೊಂದು ಬಂದು ಬಡಿಯುವಾಗ, ಮೇಲೆ ಹತ್ತಿದ ನೀರಿಗೆ ಹೊಯ್ಗೆಯೊಳಗೆ ಇಂಗುವಷ್ಟು ಪುರಸೊತ್ತಿಲ್ಲ. ಬಂದಷ್ಟೂ ವಾಪಸ್ ಓಡುತ್ತದೆ, ಓಡುವಾಗ ಹೊಯ್ಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆದರೆ ಬಹಳ ದೂರ ಒಯ್ಯುವುದಿಲ್ಲ. ಸ್ವಲ್ಪ ಆಚೆ, ನೀರಿನಡಿ ದಿಬ್ಬ ಮಾಡಿ ಇಡುತ್ತದೆ. ಆಮೇಲೆ ಬರುವ ದೊಡ್ಡ ತೆರೆ ಆ ದಿಬ್ಬಕ್ಕೆ ಎಡವಿ ಅಲ್ಲೇ ಒಡೆಯುತ್ತದೆ. ನಮ್ಮಿಂದ ಕದ್ದ ಹೊಯ್ಗೆಯೇ ನಮ್ಮ ಕಾವಲಿಗೆ ನಿಲ್ಲುತ್ತದೆ ಅನ್ನು. ಗಾಳಿ ಇಳಿದ ಮೇಲೆ ಸಾವಧಾನದ ತೆರೆಗಳು ಅದನ್ನೇ ಸ್ವಲ್ಪ ಸ್ವಲ್ಪ ಹೊತ್ತು ತಂದು ದಡಕ್ಕೆ ಹಾಕುತ್ತವೆ. ಒಯ್ಯುವುದಕ್ಕೆ ಎರಡು ರಾತ್ರಿ ಸಾಕು, ತರುವುದಕ್ಕೆ ತಿಂಗಳುಗಟ್ಟಲೆ ಬೇಕು. ನಾನು ನಿನ್ನಿಂದ ಸಾಲ ತಗೊಂಡ ಹಾಗೆ.

ನಮ್ಮ ದಡದ ಬಂಡೆ, ಎಮ್ಮೆಕಲ್ಲು, ನೆನಪಿದೆಯಲ್ಲ? ನಮಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡಲು ದೊಡ್ಡವರ ಹಿಂದೆ ಹೋದಾಗ ಎಮ್ಮೆಯ ನಾಲ್ಕೂ ಕಾಲು ಕಾಣುತ್ತಿತ್ತು. ದೀಪಾವಳಿ ಹೊತ್ತಿಗೆ ಹೊಯ್ಗೆ ಹೊಟ್ಟೆಯವರೆಗೆ ಬರುತ್ತಿತ್ತು. ಸಂಕ್ರಾಂತಿಗೆ ಬೆನ್ನು ಮಾತ್ರ. ಆ ಬೆನ್ನೇ ಸ್ಟಂಪು. ಹೊಟ್ಟೆ ಮುಚ್ಚುವ ಮೊದಲು ಕ್ರಿಕೆಟ್ ಶುರು ಮಾಡಬಾರದು ಅಂತ ಕಾನೂನು ಮಾಡಿದವನು ನೀನು, ಅದನ್ನು ಮೊದಲು ಮುರಿದವನೂ ನೀನು. ನನ್ನ ಅಪ್ಪನಿಗೂ ಅದೇ ಕಲ್ಲು ಪಂಚಾಂಗ. ರಂಪಣಿ ಬಲೆ ಎಳೆಯುವುದಕ್ಕೆ ಹತ್ತಾರು ಜನ ಸಾಲಾಗಿ ಕಾಲೂರಿ ನಿಲ್ಲುವಷ್ಟು ಅಗಲದ ಬೇಲೆ (ಮರಳದಂಡೆ) ಬೇಕಿತ್ತಲ್ಲ.

ಅಪ್ಪ ಹೊಯ್ಗೆಯಲ್ಲಿ ಬಲೆ ಎಳೆದ, ನಾನು ಹೊಯ್ಗೆ ತೋರಿಸಿ ರೂಮು ಕೊಡುತ್ತೇನೆ. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು, ಶುಚಿಯಾದ ಬೀಚಿಗೆ ಕೊಡುವ ಬಾವುಟ. ನಮ್ಮ ಬೇಲೆಗೆ ಬಾವುಟ ಅಂದರೆ ನನ್ನಾಕೆ ಒಣಹಾಕಿದ ಸೀರೆ ಒಂದೇ. ಆದರೂ ಜನ ಬರುತ್ತಾರೆ. ಜುಲೈಯಲ್ಲಿ ಒಬ್ಬರು ಹುಬ್ಬಳ್ಳಿಯಿಂದ ಬಂದಿದ್ದರು. ಗೇಟಿನ ಹತ್ತಿರ ಬಂದು ಬಡಿಯುತ್ತಿದ್ದ ಕೆಂಪು ನೀರು ನೋಡಿ, ಮೊಬೈಲಿನಲ್ಲಿ ನಾನು ಹಾಕಿದ್ದ ಜನವರಿಯ ಫೋಟೋ ನೋಡಿ, ಮತ್ತೆ ನೀರು ನೋಡಿ, ಊರಿಗೆ ಹೋಗಿ ಬರೆದರು: ‘ಫೋಟೋದಲ್ಲಿರುವ ಬೀಚ್ ಸ್ಥಳದಲ್ಲಿ ಇರಲಿಲ್ಲ. ಮೀನುಸಾರು ಚೆನ್ನಾಗಿದೆ.’ ಎರಡು ಸ್ಟಾರ್. ಎರಡೂ ಸಾರಿಗೇ ಇರಬೇಕು.

ನಿನ್ನ ಫೋಟೋ ಬಂದ ರಾತ್ರಿ ನಿದ್ದೆ ಬರದೆ ನಿಮ್ಮ ಕಡೆಯ ತುಫಾನುಗಳ ಬಗ್ಗೆ ಓದುತ್ತ ಕೂತೆ. 2013–14ರ ಚಳಿಗಾಲದ್ದು 1948ರಿಂದೀಚೆಗೆ ನಿಮ್ಮ ಅಟ್ಲಾಂಟಿಕ್ ಕರಾವಳಿ ಕಂಡ ಅತಿ ಜೋರಿನ ತೆರೆಗಳಂತೆ. ಡಾಲಿಶ್ ಅನ್ನುವಲ್ಲಿ ರೈಲುಹಳಿಯ ಕೆಳಗಿನ ಗೋಡೆಯೇ ಕೊಚ್ಚಿಹೋಗಿ ಹಳಿ ಹಗ್ಗದ ಹಾಗೆ ಜೋತುಬಿದ್ದಿತ್ತು, ಎರಡು ತಿಂಗಳು ರೈಲಿಲ್ಲ. ಪೆನ್ಜಾನ್ಸ್ ಹತ್ತಿರದ ಕೊಲ್ಲಿಯಲ್ಲಿ ಹೊಯ್ಗೆ ಎದ್ದು ಹೋದಾಗ ಅಡಿಯಲ್ಲಿ ಸಾವಿರಾರು ವರ್ಷ ಹಿಂದಿನ ಕಾಡಿನ ಮರದ ಬುಡಗಳು ಕಂಡವಂತೆ. ನೀನು ಅಲ್ಲಿ ಪಾತ್ರೆ ತೊಳೆಯುವ ಬದಲು ಹೋಗಿ ನೋಡಬಾರದಾ? ಆದರೆ ನನಗೆ ಬಿಡದೆ ಕಾಡಿದ್ದು ಐರ್ಲೆಂಡಿನದು. ಅಚಿಲ್ ದ್ವೀಪದಲ್ಲಿ ಡೂಆ ಅಂತ ಒಂದು ಊರು. 1984ರಲ್ಲಿ ತುಫಾನು ಬಂದು ಅಲ್ಲಿಯ ಬೀಚಿನ ಹೊಯ್ಗೆಯನ್ನು ಪೂರ್ತಿ ಗುಡಿಸಿಕೊಂಡು ಹೋಯಿತು. ಬೀಚು ನಂಬಿದ್ದ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 2017ರ ಏಪ್ರಿಲಿನಲ್ಲಿ ಹೊಯ್ಗೆ ತಾನಾಗೇ ವಾಪಸ್ ಬಂತು, ಕೆಲವೇ ದಿನಗಳಲ್ಲಿ! 33 ವರ್ಷ. ಇದನ್ನು ಓದಿ ಖುಷಿಪಟ್ಟವರು ಬಹಳ ಜನ ಇರಬೇಕು. ನಾನು ಮಾತ್ರ ಬ್ಯಾಂಕಿನವರು 33 ವರ್ಷ ಕಂತು ಮುಂದೂಡುತ್ತಾರಾ ಅಂತ ಯೋಚಿಸಿದೆ.

ಯಾಕೆ ಈ ಯೋಚನೆ ಅಂದರೆ, ಇವತ್ತು ಫೆಬ್ರವರಿ. ಸಂಕ್ರಾಂತಿ ಕಳೆದು ಎಷ್ಟು ದಿನ ಆಯಿತು ನೀನೇ ಲೆಕ್ಕ ಹಾಕು. ಎಮ್ಮೆಕಲ್ಲಿನ ಕಾಲು ಇನ್ನೂ ಕಾಣುತ್ತಿದೆ.

ಗೆಸ್ಟುಗಳು ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಕಾರಣಗಳಿಗೆ ಬರವಿಲ್ಲ. ಸಂಜೆ ಚಹ ಕೊಡುತ್ತ ಒಂದೊಂದೇ ಬಡಿಸುತ್ತೇನೆ. ತುಫಾನುಗಳು ಕಾಲ ತಪ್ಪಿದವು ಸಾರ್: 2019ರ ಅಕ್ಟೋಬರಿನಲ್ಲಿ ಕ್ಯಾರ್ ಬಂತು, ಹೊಯ್ಗೆ ವಾಪಸ್ ಬರುವ ಹೊತ್ತಿಗೇ. 2021ರ ಮೇಯಲ್ಲಿ ತೌಕ್ತೆ ಬಂತು, ಮಳೆಗಾಲ ಶುರುವಾಗುವ ಮೊದಲೇ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ ಸಾರ್. ಸಮುದ್ರಕ್ಕೆ ಹೊಯ್ಗೆ ತಂದುಕೊಡುವುದು ನದಿ. ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಸಾಲಾಗಿ ಅಣೆಕಟ್ಟು ಕಟ್ಟಿದ್ದೇವೆ, ಅದರ ಹೊಯ್ಗೆ ಅಲ್ಲೇ ಕೂರುತ್ತದೆ. ಉಳಿದ ನದಿಗಳ ಹೊಯ್ಗೆ ಲಾರಿ ಹತ್ತಿ ಮನೆ ಕಟ್ಟಲು ಹೋಗುತ್ತದೆ. ಇದರಲ್ಲಿ ಒಂದೂ ಸುಳ್ಳಲ್ಲ. ಗೆಸ್ಟುಗಳು ‘ಹೌದಾ, ಹೌದಾ’ ಅಂತ ತಲೆ ಆಡಿಸುತ್ತಾರೆ. ಒಬ್ಬಾಕೆಯಂತೂ ನನ್ನನ್ನು ಪರಿಸರವಾದಿ ಅಂತ ಕರೆದು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಳು.

ಫೋಟೋದಲ್ಲಿ ನನ್ನ ಬೆನ್ನ ಹಿಂದೆ ಇದ್ದದ್ದು ಗೋಡೆ.

ಅದನ್ನು ಹೇಳಿಯೇ ಬಿಡುತ್ತೇನೆ. 2023ರ ಮೇ ತಿಂಗಳಲ್ಲಿ ಹಾಕಿಸಿದೆ. ಹನ್ನೊಂದು ಟಿಪ್ಪರ್ ಕರಿಕಲ್ಲು. ಕಾಗದಪತ್ರದ ಮಾತು ಇಲ್ಲಿ ಬೇಡ, ಇದನ್ನು ಯಾರ್ಯಾರು ಓದುತ್ತಾರೋ. ಹಿಂದಿನ ವರ್ಷ ನೀರು ಅಡುಗೆಮನೆ ಮೆಟ್ಟಿಲವರೆಗೆ ಬಂದಿತ್ತು, ಸಾಲ ತಲೆಯ ಮೇಲಿತ್ತು, ಹೆದರಿದ್ದೆ. ಗೋಡೆ ನಿಂತಿತು. ಮನೆ ಉಳಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕಲ್ಲಿಗೆ ಬಡಿದ ತೆರೆ ಸುಮ್ಮನೆ ಸಾಯುವುದಿಲ್ಲ ಗಣಪು. ತಿರುಗಿ ಬಿದ್ದು ಗೋಡೆಯ ಬುಡವನ್ನೇ ಕೆರೆಯುತ್ತದೆ. ಗೋಡೆಯ ಹಿಂದೆ ಅಡುಂಬು ಬಳ್ಳಿ ಹಬ್ಬಿದ ದಿಬ್ಬ ಇತ್ತಲ್ಲ, ಅದು ಸಮುದ್ರ ಕಷ್ಟಕಾಲಕ್ಕೆ ಇಟ್ಟುಕೊಂಡ ಹೊಯ್ಗೆ. ಮಳೆಗಾಲದಲ್ಲಿ ಅದನ್ನು ತೆಗೆದು ನೀರಿನಡಿಯ ದಿಬ್ಬ ಕಟ್ಟುತ್ತಿತ್ತು. ಈಗ ಅದಕ್ಕೆ ನಾನು ಬೀಗ ಹಾಕಿದ್ದೇನೆ. ಹಾಗಾಗಿ ಎಮ್ಮೆಕಲ್ಲಿಗೆ ಹೊಯ್ಗೆ ಇಲ್ಲ. ಇಷ್ಟು ನನ್ನ ಮನೆಯ ಮುಂದಿನ ಕಥೆ.

ತೆರೆ ಗೋಡೆಯ ತುದಿಗೆ ಬಂದಾಗ ಏನು ಮಾಡುತ್ತದೆ ಗೊತ್ತಾ? ತಿರುಗಿಕೊಳ್ಳುತ್ತದೆ. ತಿರುಗಿ, ಕಲ್ಲು ಮುಗಿದಲ್ಲಿ ಮೆತ್ತಗಿನ ನೆಲ ಸಿಕ್ಕಿದಾಗ ಅದನ್ನು ತಿನ್ನುತ್ತದೆ. ತೆಂಕಣ ಬದಿಗೆ ಬಂಡೆ ಇದೆ, ಅಲ್ಲಿ ತಿನ್ನಲು ಏನೂ ಇಲ್ಲ. ಬಡಗಣ ಬದಿಗೆ ಯಾರ ಜಾಗ ಇದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಹಿತ್ತಲಿನ ಆ ಎರಡು ತೆಂಗಿನಮರಕ್ಕೆ ಕೆಂಪುಮೂತಿ ಹುಳ ಹೊಡೆಯಿತು ಅಂತ 2024ರಲ್ಲಿ ಫೋನಿನಲ್ಲಿ ಹೇಳಿದ್ದೆನಲ್ಲ. ಹುಳ ಅಲ್ಲ. ಜುಲೈಯ ಒಂದು ಅಮಾವಾಸ್ಯೆ ಭರತದಲ್ಲಿ ಬುಡದ ಮಣ್ಣು ಜಾರಿ ಒಂದು ಮರ ರಾತ್ರಿ ಬಿತ್ತು, ಇನ್ನೊಂದು ಮಾರನೇ ದಿನ ಮಧ್ಯಾಹ್ನ, ನಾನು ನೋಡುತ್ತಿರುವಾಗಲೇ. ನಿನ್ನ ಆಯಿ ಒಣಮೀನಿಗೆ ಹಗ್ಗ ಕಟ್ಟುತ್ತಿದ್ದ ಮರಗಳು. ಬಿದ್ದ ಮೇಲೂ ಹಗ್ಗದ ಗುರುತು ಕಾಣುತ್ತಿತ್ತು. ಮನೆಯ ಕೀಲಿ ನನ್ನ ಹತ್ತಿರ ಇದೆ, ತಿಂಗಳಿಗೊಮ್ಮೆ ಬಾಗಿಲು ತೆಗೆದು ಗುಡಿಸಿ ನಿನಗೆ ಫೋಟೋ ಕಳಿಸುತ್ತೇನೆ. ಎಲ್ಲವೂ ಅಂಗಳದ ಕಡೆಯಿಂದ ತೆಗೆದದ್ದು. ಹಿತ್ತಲಿನದು ಒಂದೂ ಇಲ್ಲ ಅನ್ನುವುದು ನಿನಗೆ ಯಾವತ್ತೂ ಹೊಳೆಯಲಿಲ್ಲವಾ? ಹೊಳೆದಿರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತ ಕೂತಿದ್ದೆ. ಆದರೆ ಟಿಪ್ಪರಿನ ಡ್ರೈವರ್ ಹೇಳಿದ ಮಾತೊಂದು ಇದೆ. ಕೊನೆಯ ಲೋಡು ಸುರಿದ ಮೇಲೆ ಅವನು ಬೀಡಿ ಹಚ್ಚಿಕೊಂಡು, ‘ಇಲ್ಲಿಗೇ ನಿಲ್ಸಿದ್ರೆ ಬದಿಯವರದ್ದು ತಿಂತದೆ ನೋಡಿ. ಇನ್ನೆರಡು ಲೋಡು ಹಾಕಿ ಆಚೆ ತನಕ ಎಳೀಲಾ?’ ಅಂದ. ಹಾಕಿಸಿದ್ದರೆ ಇನ್ನೂ ಆಚೆಯವರದ್ದನ್ನು ತಿನ್ನುತ್ತಿತ್ತು, ಅದು ಬೇರೆ ಮಾತು. ಆದರೆ ನಾನು ‘ಬೇಡ’ ಅಂದದ್ದು ಅದಕ್ಕಲ್ಲ. ದುಡ್ಡಿಗೂ ಅಲ್ಲ. ಆ ಎರಡು ಮರ ನನ್ನ ಮೂರನೇ ರೂಮಿನ ಕಿಟಕಿಗೆ ಅಡ್ಡ ಇದ್ದವು. ಬೀಳಲಿ ಅಂತ ನಾನು ಬಯಸಲಿಲ್ಲ, ದೇವರಾಣೆ. ಬಿದ್ದರೆ ಬೀಳಲಿ ಅಂದುಕೊಂಡೆ. ಈ ಎರಡು ಮಾತಿನ ನಡುವೆ ಎಷ್ಟು ಅಂತರ ಇದೆ ಅಂತ ಎರಡು ವರ್ಷದಿಂದ ಅಳೆಯುತ್ತಿದ್ದೇನೆ. ಈಗ ಮೂರನೇ ರೂಮಿಗೆ ‘ಸೀ ವ್ಯೂ’ ಅಂತ ಬೋರ್ಡು ಹಾಕಿದ್ದೇನೆ, ಉಳಿದ ರೂಮಿಗಿಂತ 600 ರೂಪಾಯಿ ಜಾಸ್ತಿ. ಡಿಸೆಂಬರಿನಲ್ಲಿ ಒಂದು ದಿನವೂ ಖಾಲಿ ಇರಲಿಲ್ಲ.

ಗುಂಡುಕಲ್ಲಿನ ನಿನ್ನ ಆ ಫೋಟೋ ನೋಡಿದಾಗ ಮೊದಲು ನನ್ನ ಮನಸ್ಸಿಗೆ ಬಂದದ್ದು, ‘ಅಲ್ಲಿ ಯಾರು ಗೋಡೆ ಹಾಕಿಸಿದ್ದಿರಬಹುದು’ ಅಂತ.

ಆಯಿತು, ಇನ್ನು ನೀನು ಬೈಯಬಹುದು. ಫೋನಿನಲ್ಲಿ ಹೇಳಿದ್ದರೆ ನೀನು ಸುಮ್ಮನಾಗಿಬಿಡುತ್ತಿದ್ದೆ. ನಿನ್ನ ಆ ಸುಮ್ಮನಿರುವಿಕೆ ನನಗೆ ಒಂಬತ್ತನೇ ಕ್ಲಾಸಿನಿಂದ ಗೊತ್ತು, ಅದನ್ನು ತಡೆಯುವುದು ನನ್ನ ಕೈಯಲ್ಲಿ ಆಗುವುದಿಲ್ಲ. ಇಲ್ಲಾದರೆ ನಾಲ್ಕು ಜನ ನೋಡುತ್ತಿರುತ್ತಾರೆ, ಮರ್ಯಾದೆಗಾದರೂ ಒಂದು ನಗುವ ಮುಖ ಒತ್ತಬೇಕಾಗುತ್ತದೆ ಅಂತ ನನ್ನ ಲೆಕ್ಕ. ನಮ್ಮ ಶಾಲೆಯ ಏಡಿ ಮಾಸ್ತರು ಇದ್ದಿದ್ದರೆ ‘ಬಹಳ ಬುದ್ಧಿವಂತ, ಪಾಸಾಗುವುದಿಲ್ಲ’ ಅನ್ನುತ್ತಿದ್ದರು.

ಇನ್ನು ತೆಂಗಿನಕಾಯಿ ಲೆಕ್ಕ. 2024ರ ಜುಲೈಯಿಂದ ಈಚೆಗೆ ನಾನು ಕಳಿಸಿದ ಕಾಯಿ ದುಡ್ಡು ಇತ್ತಲ್ಲ, ಅದರಲ್ಲಿ ಆ ಎರಡು ಮರದ ಪಾಲೂ ಸೇರಿಸಿಯೇ ಕಳಿಸಿದ್ದೇನೆ. ಹುಳ ಹೊಡೆದು ಸತ್ತ ಮರ ಕಾಯಿ ಬಿಡುತ್ತಿದೆ ಅಂತ ನಿನಗೆ ಅನುಮಾನ ಬರಬಾರದಿತ್ತಾ? ಇಂಗ್ಲೆಂಡಿಗೆ ಹೋಗಿ ನಿನ್ನ ಗಣಿತ ಪೂರ್ತಿ ಹಾಳಾಗಿದೆ. ಆಯಿಗೆ ಇದನ್ನು ಓದಿ ಹೇಳಬೇಡ. ಸಿರಸಿಯಲ್ಲಿ ಅಕ್ಕನ ಮನೆಯಲ್ಲಿ ನೆಮ್ಮದಿಯಾಗಿದ್ದಾಳೆ. ಹೋದ ವರ್ಷ ಅವಳಿಗೆ ದೊಡ್ಡ ಫೋನು ಕೊಡಿಸಿದ್ದು ನೀನೇ ಅನ್ನುವುದು ಈ ಸಾಲು ಬರೆಯುವಾಗ ನೆನಪಾಯಿತು. ನನ್ನ ಪ್ರತಿ ಪೋಸ್ಟಿಗೂ ಗುಲಾಬಿ ಹೂವು ಒತ್ತುವುದು ಯಾರು ಅಂತಲೂ ಈಗ ಗೊತ್ತಾಯಿತು.

ಮೇಯಲ್ಲಿ ಬರುತ್ತೇನೆ ಅಂದಿದ್ದೀಯ. ಮಳೆ ಹಿಡಿಯುವ ಮೊದಲು ಬಾ. ನೀವಿಬ್ಬರೂ ಮೂರನೇ ರೂಮಿನಲ್ಲಿ ಉಳಿಯಿರಿ, ಬಾಡಿಗೆ ಕೇಳುವುದಿಲ್ಲ. ಕಿಟಕಿಗೆ ದಪ್ಪದ ಪರದೆ ಹಾಕಿಸಿ ಇಡುತ್ತೇನೆ.

ನಿನ್ನ,
ವಿಕೆಟ್ ಕೀಪರ್

ತಾ.ಕ.: ಆ ಕೋಳಿ ತಂದದ್ದು ನಾನೇ. ಇವತ್ತು ಹೇಗೂ ಎಲ್ಲ ಹೇಳಿ ಆಯಿತಲ್ಲ.