ವೈಟೊಮೊ ಗುಹೆಯಲ್ಲಿರುವುದು ಮಿಂಚುಹುಳು ಅಲ್ಲ

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡಿನ ವೈಟೊಮೊ ಗುಹೆಗೆ ಕನ್ನಡದಲ್ಲಿ ‘ಮಿಂಚುಹುಳುಗಳ ಗುಹೆ’ ಎಂದು ಬರೆಯುವವರಿದ್ದಾರೆ. ಆ ಹೆಸರು ಸರಿಯಲ್ಲ. ಮುಂಗಾರಿನ ಹೊಸ್ತಿಲಲ್ಲಿ ಕಲಘಟಗಿ ಕಡೆಯ ಕಾಡಂಚಿನಲ್ಲಿ ಮಿನುಗುವ ನಮ್ಮ ಮಿಂಚುಹುಳು ದುಂಬಿಯ (ಬೀಟಲ್) ಜಾತಿ. ಅದು ಬೆಳಕು ಬಿಡುವುದು ಸಂಗಾತಿಯನ್ನು ಕರೆಯಲು. ವೈಟೊಮೊದ್ದು ಸೊಳ್ಳೆಯ ದೂರದ ಸಂಬಂಧಿಯಾದ ಕೀಟವೊಂದರ ಮರಿಹುಳು, ಅರಾಕ್ನೊಕ್ಯಾಂಪಾ ಲ್ಯೂಮಿನೋಸಾ. ಅದರ ಬೆಳಕು ಬೇಟೆಗೆ ಒಡ್ಡಿದ ಬಲೆ.

ಹುಳು ಗುಹೆಯ ಚಾವಣಿಗೆ ಅಂಟಿಕೊಂಡು ರೇಷ್ಮೆ ಎಳೆಗಳನ್ನು ಇಳಿಬಿಡುತ್ತದೆ. ಎಳೆಯುದ್ದಕ್ಕೂ ಮಣಿ ಪೋಣಿಸಿದಂತೆ ಅಂಟಿನ ಹನಿಗಳು. ಕೆಳಗಿನ ಹೊಳೆಯಿಂದ ಎದ್ದ ಸಣ್ಣ ನೊಣಗಳು ಬೆಳಕಿನತ್ತ ಹಾರಿ ಅಲ್ಲಿ ಸಿಕ್ಕಿಬೀಳುತ್ತವೆ. ರೆಕ್ಕೆ ಬಂದ ಮೇಲೆ ಈ ಕೀಟ ಏನೂ ತಿನ್ನುವುದಿಲ್ಲ, ಬದುಕುವುದೂ ಕೆಲವೇ ದಿನ. ಜೀವಮಾನದ ಊಟವೆಲ್ಲ ಮರಿಹುಳುವಾಗಿದ್ದಾಗಲೇ ಆಗಬೇಕು. ಗಾಳಿ ಬೀಸಿದರೆ ಎಳೆಗಳು ಒಂದಕ್ಕೊಂದು ತೊಡರುತ್ತವೆ, ತೇವ ಆರಿದರೆ ಹುಳುವೇ ಒಣಗುತ್ತದೆ. 1979ರಲ್ಲಿ ಗುಹೆಯ ಗಾಳಿಯಾಟ ಕೆಟ್ಟು ಬೆಳಗುವ ಹುಳುಗಳು ತೀರ ಕಡಿಮೆಯಾಗಿ, ಪ್ರವಾಸಿಗರಿಗೆ ಕೆಲವು ತಿಂಗಳು ಬಾಗಿಲು ಮುಚ್ಚಬೇಕಾಯಿತು. ಜನರ ಉಸಿರಿನದೂ ಲೆಕ್ಕವಿದೆ: ಗುಹೆಯ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 2,400 ಪಾಲು (2,400 ಪಿಪಿಎಂ) ದಾಟಬಾರದು. ದಾಟಿದರೆ ಅದು ನೀರಿನಲ್ಲಿ ಕರಗಿ ಆಮ್ಲವಾಗಿ ಗುಹೆಯ ಸುಣ್ಣಕಲ್ಲನ್ನೇ ತಿನ್ನುತ್ತದೆ.

ಆಕ್ಲೆಂಡಿನ ಮಕ್ಕಳ ಮನೆಗೆ ಹೋಗುವ ಹುಬ್ಬಳ್ಳಿ-ಧಾರವಾಡದ ಹಿರಿಯರು ಅಲ್ಲಿಂದ ಸುಮಾರು 200 ಕಿ.ಮೀ. ದೂರದ ಈ ಗುಹೆಯನ್ನೂ ನೋಡಿ ಬರುತ್ತಾರೆ. ಹಗಲು ಹೋದರೂ ನಡೆಯುತ್ತದೆ, ವರ್ಷದ ಯಾವ ತಿಂಗಳಾದರೂ ಸರಿ. ಚಪ್ಪಲಿ ಬೇಡ, ಮೆಟ್ಟಿಲು ತೇವವಾಗಿರುತ್ತವೆ, ಜಾರದ ಬೂಟು ಬೇಕು, ಒಂದು ಸ್ವೆಟರ್ ಕೂಡ. ಬಿಸಿಲಿಗೆ ಕಪ್ಪಾಗುವ ಕನ್ನಡಕವಿದ್ದರೆ ಸಾದಾ ಕನ್ನಡಕವನ್ನೂ ಒಯ್ಯಿರಿ: ತಂಪಿನಲ್ಲಿ ಅದು ತಿಳಿಯಾಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಗುಹೆಯ ಹೊಳೆಯಲ್ಲಿ ನಮ್ಮನ್ನು ಒಯ್ಯುವ ದೋಣಿ ಹೊರಗೆ ಬಂದಿರುತ್ತದೆ! ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ. ಹೇಗೂ ಹುಳುಗಳಿರುವ ಕಡೆ ಫೋಟೊ ತೆಗೆಯುವಂತಿಲ್ಲ. ದೋಣಿಗೆ ಎಂಜಿನ್ ಇಲ್ಲ, ಮಾರ್ಗದರ್ಶಕರು ಮೇಲಿನ ಹಗ್ಗ ಹಿಡಿದು ಎಳೆಯುತ್ತಾರೆ. ಬೆಳಕು ಬಿದ್ದರೆ ಹುಳು ಮಂಕಾಗುತ್ತದೆ. ಅಲ್ಲಿ ಪಿಸುಮಾತೂ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಢಾಳಾದ ನೀಲಿ ಚಿತ್ರಗಳನ್ನು ನಂಬಿ ಹೋದವರಿಗೆ ನಿರಾಸೆ ಖಂಡಿತ. ಅವು ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟು ತೆಗೆದವು. ಬರಿಗಣ್ಣಿಗೆ ಕಾಣುವುದು ಅಮಾವಾಸ್ಯೆಯ ಚುಕ್ಕಿಗಳಂಥ ನಸು ಹಸಿರು-ನೀಲಿ ಬಿಂದುಗಳು.

ನಮ್ಮ ಕಾಡಂಚಿನ ಮಿಂಚುಹುಳುವಿಗೂ ಕತ್ತಲೆ ಅಷ್ಟೇ ಮುಖ್ಯ. ಕಾರಿನ ಹೆಡ್‌ಲೈಟ್ ಬಿದ್ದಲ್ಲಿ ಗಂಡಿನ ಮಿನುಗು ಹೆಣ್ಣಿಗೆ ಕಾಣದು. ಗಾಡಿ ದೂರ ನಿಲ್ಲಿಸಿ ನಡೆದು ಹೋಗಿ. ಟಾರ್ಚ್ ಬೇಕೇ ಬೇಕೆಂದರೆ ಗಾಜಿಗೆ ಕೆಂಪು ಹಾಳೆ ಸುತ್ತಿ, ಕಾಲಬುಡಕ್ಕಷ್ಟೇ ಹಿಡಿಯಿರಿ.

— ಕೀಟಾಸಕ್ತ ಓದುಗರು, ಧಾರವಾಡ