ನೀನು ಹೆದರಿದ್ದು ಎಲ್ಲಿ ಎಂದು ಬರೆ

ಪ್ರೀತಿಯ ಮಗು, ಆಶೀರ್ವಾದಗಳು.

ನಿನ್ನ ಲೇಖನವೂ ಅದರೊಡನೆ ಇರಿಸಿದ್ದ ಪತ್ರವೂ ಕಳೆದ ವಾರ ಕೈಸೇರಿದವು. ಪರಿಚಯವಿಲ್ಲದವರನ್ನು ‘ನೀವು’ ಎನ್ನುವುದು ನನ್ನ ರೂಢಿ. ಆದರೆ ನೀನು ನನ್ನ ಮೊಮ್ಮಗಳಿಗಿಂತ ಒಂದೆರಡು ವರ್ಷ ಚಿಕ್ಕವಳೆಂದು ತಿಳಿದ ಮೇಲೆ ‘ನೀನು’ ಎಂದೇ ಬರೆಯುತ್ತಿದ್ದೇನೆ, ಬೇಸರಿಸಬೇಡ. ಲೇಖನವನ್ನು ಎರಡು ಪತ್ರಿಕೆಗಳು ಹಿಂದಿರುಗಿಸಿದವೆಂದೂ ಇನ್ನು ಬರೆಯುವುದನ್ನೇ ಬಿಡಬೇಕೆಂದಿದ್ದೀಯೆಂದೂ ಓದಿ ಕಸಿವಿಸಿಯಾಯಿತು. ಶೀರ್ಷಿಕೆ ಹೇಗಿರಬೇಕು, ಎಷ್ಟು ಪದಗಳಿರಬೇಕು, ಒತ್ತಕ್ಷರ ಎಲ್ಲೆಲ್ಲಿ ತಪ್ಪಿವೆ ಎಂದೆಲ್ಲ ಕೇಳಿದ್ದೀಯೆ. ಅವನ್ನು ಯಾವ ಉಪಸಂಪಾದಕನಾದರೂ ಹೇಳಿಕೊಟ್ಟಾನು. ನನಗೆ ಹೇಳುವುದಕ್ಕಿರುವುದು ಒಂದೇ ಮಾತು, ಅದನ್ನೂ ನಾನು ಕಲಿತದ್ದು ಒಂದು ಅಪ್ರಾಮಾಣಿಕ ಕೆಲಸ ಮಾಡಿ.

ಕನ್ನಡ ಚಿತ್ರ ‘ಆಪ್ತಮಿತ್ರ’ವನ್ನು ಅದರ ಮೂಲವಾದ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನೊಂದಿಗೆ ಹೋಲಿಸಿ ನೀನು ಹನ್ನೆರಡು ಪುಟ ಬರೆದಿದ್ದೀಯೆ. ಬೀಗ ಹಾಕಿದ ಕೋಣೆಯಿರುವ ಹಳೆಯ ಮನೆಗೆ ಬಂದ ಹೆಂಡತಿಯೊಬ್ಬಳು, ಹಿಂದೆ ಅಲ್ಲಿ ಸತ್ತ ನರ್ತಕಿ ನಾಗವಲ್ಲಿಯೇ ತಾನೆಂದುಕೊಳ್ಳುವ ಕಥೆ ಎರಡರಲ್ಲೂ ಒಂದೇ. ‘ಮೂಲದ ಸೂಕ್ಷ್ಮತೆ’ ಎಂಬ ಮಾತು ಆರು ಕಡೆ ಬಂದಿದೆ, ನಾನು ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಫಾಸಿಲ್ ಅವರ ನಿರ್ದೇಶನ, ಮಧು ಮುಟ್ಟಂ ಅವರ ಬರವಣಿಗೆ, ಶೋಭನಾಗೆ ಬಂದ ರಾಷ್ಟ್ರಪ್ರಶಸ್ತಿ ಎಲ್ಲವನ್ನೂ ಸರಿಯಾಗಿ ನಮೂದಿಸಿದ್ದೀಯೆ. ಸಾಲದೆಂಬಂತೆ ಹಿಚ್‌ಕಾಕ್‌ನ 1960ರ ‘ಸೈಕೋ’ವನ್ನೂ, 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಅದನ್ನು ಬಣ್ಣದಲ್ಲಿ, ಬಹುಪಾಲು ಒಂದೊಂದು ಶಾಟನ್ನೂ ಹಾಗೆಯೇ ಅನುಸರಿಸಿ ತೆಗೆದದ್ದನ್ನೂ ತಂದು, ‘ನಕಲಿನಲ್ಲಿ ಭಯ ಬರುವುದಿಲ್ಲ’ ಎಂದು ತೀರ್ಪು ಕೊಟ್ಟಿದ್ದೀಯೆ. ಅಲ್ಲಮ್ಮಾ, ಆ ಎರಡನೆಯ ‘ಸೈಕೋ’ವನ್ನು ನೀನು ನೋಡಿದ್ದೀಯಾ? ನೋಡಿದವರು ಹೀಗೆ ಒಂದೇ ಸಾಲಿನಲ್ಲಿ ಮುಗಿಸುವುದಿಲ್ಲ. ಸ್ನಾನದ ಮನೆಯ ಕೊಲೆಯ ದೃಶ್ಯದಲ್ಲಿ ಎಲ್ಲಿ ಕಣ್ಣು ಮುಚ್ಚಿಕೊಂಡೆ, ಎಲ್ಲಿ ಆಕಳಿಕೆ ಬಂತು ಎಂದು ಒಂದಾದರೂ ಹೇಳುತ್ತಾರೆ.

ಇಷ್ಟೂ ಪುಟಗಳಲ್ಲಿ ಎಲ್ಲಿಯೂ ಇಲ್ಲದ ಒಂದು ಸಂಗತಿ ನಿನ್ನ ಪತ್ರದ ಎರಡನೆಯ ಪ್ಯಾರಾದಲ್ಲಿದೆ. ಏಳನೆಯ ವಯಸ್ಸಿನಲ್ಲಿ ಟಿ.ವಿ.ಯಲ್ಲಿ ‘ಆಪ್ತಮಿತ್ರ’ ನೋಡಿದ ರಾತ್ರಿ, ಹಿತ್ತಲಿನ ಬಚ್ಚಲಿಗೆ ಹೋಗಲು ಹೆದರಿ ಅಜ್ಜಿಯ ಸೆರಗನ್ನು ಕೈಗೆ ಸುತ್ತಿಕೊಂಡು ಹೋದೆಯೆಂದೂ, ಅಜ್ಜಿಗೂ ಒಳಗೊಳಗೇ ಹೆದರಿಕೆಯಾಗಿ ದಾರಿಯುದ್ದಕ್ಕೂ ಗಟ್ಟಿಯಾಗಿ ಏನೋ ಮಾತಾಡುತ್ತಲೇ ಇದ್ದರೆಂದೂ ಬರೆದಿದ್ದೀಯೆ. ಮಲಯಾಳಂ ಚಿತ್ರವನ್ನು ನೀನು ನೋಡಿದ್ದು, ಅದನ್ನು ಸಂಸ್ಕರಿಸಿ 2024ರಲ್ಲಿ ಮತ್ತೆ ತೆರೆಗೆ ತಂದ ಸುದ್ದಿ ಓದಿದ ಮೇಲೆ. ಅಂದರೆ ನಡುವೆ ಹದಿಮೂರು ವರ್ಷಗಳ ಅಂತರ. ಹಾಗಿದ್ದೂ ಲೇಖನದಲ್ಲಿ 1993ರ ಚಿತ್ರವನ್ನು ತೊಟ್ಟಿಲಿನಲ್ಲೇ ನೋಡಿದವಳಂತೆ, 2004ರ ಚಿತ್ರವನ್ನು ಆಮೇಲೆ ಮೂಗು ಮುರಿಯುತ್ತ ನೋಡಿದವಳಂತೆ ಬರೆದಿದ್ದೀಯೆ. ಸೆರಗು ಹಿಡಿದ ಹುಡುಗಿಯನ್ನು ನಿನ್ನ ಬರಹದಿಂದ ಹೊರಗೆ ಕಳುಹಿಸಿದವರು ಯಾರು?

ಯಾರೆಂದು ನನಗೆ ಗೊತ್ತು, ಏಕೆಂದರೆ ನಾನೂ ಹಾಗೆ ಕಳುಹಿಸಿದವನೇ.

2004ರ ಆಗಸ್ಟ್ ಕೊನೆಯಲ್ಲಿ ‘ಆಪ್ತಮಿತ್ರ’ ತೆರೆಕಂಡಾಗ ನಾನು ಒಂದು ವಾರಪತ್ರಿಕೆಗೆ ಚಿತ್ರವಿಮರ್ಶೆ ಬರೆಯುತ್ತಿದ್ದೆ. ಆ ಕಾಲದಲ್ಲಿ ನಾವೆಲ್ಲ ಗುರುವೆಂದು ಭಾವಿಸಿದ್ದ ಹಿರಿಯ ವಿಮರ್ಶಕರೊಬ್ಬರಿದ್ದರು. ರೀಮೇಕ್ ಚಿತ್ರದ ವಿಷಯದಲ್ಲಿ ಮೂಲವೇ ದೊಡ್ಡದೆಂದು ಬರೆದುಬಿಡಬೇಕು, ಯಾರೂ ಅಡ್ಡಪ್ರಶ್ನೆ ಹಾಕುವುದಿಲ್ಲ, ಬರೆದವನು ನಾಲ್ಕು ಭಾಷೆ ಬಲ್ಲವನೆಂಬ ಹೆಸರೂ ಬರುತ್ತದೆ ಎಂದು ಅವರು ನಗುತ್ತ ಹೇಳಿಕೊಟ್ಟಿದ್ದರು. ಅವರೀಗ ಇಲ್ಲ, ಆದರೂ ಆ ಮಾತಿಗಾಗಿ ಅವರ ಮೇಲಿನ ನನ್ನ ಕೋಪ ಇನ್ನೂ ಇಳಿದಿಲ್ಲ, ಅದನ್ನು ಮರುಮಾತಿಲ್ಲದೆ ಪಾಲಿಸಿದ ನನ್ನ ಮೇಲಿನದಂತೂ ಇಳಿಯುವ ಹಾಗೆಯೇ ಇಲ್ಲ. ‘ಮೂಲದ ನೆರಳಿಗೂ ಸಾಟಿಯಲ್ಲದ ಆಡಂಬರ’ ಎಂದು ಬರೆದೆ. ಮೂಲವನ್ನು ನಾನು ನೋಡಿಯೇ ಇರಲಿಲ್ಲ. ಬರಹವನ್ನು ಹೊಗಳಿ ಹನ್ನೊಂದು ಪತ್ರಗಳು ಬಂದವು. ಬೈದು ಒಂದಾದರೂ ಬಂದಿದ್ದರೆ ಎಚ್ಚರವಾಗುತ್ತಿದ್ದೆನೇನೋ.

ನಮ್ಮ ಬೀದಿಯ ಕೊನೆಯಲ್ಲಿ ಕಣ್ಣೂರಿನ ಕಡೆಯವರೊಬ್ಬರ ಬೇಕರಿಯಿತ್ತು. ಅವರು ಕನ್ನಡ ಓದುತ್ತಿದ್ದರು. ಒಂದು ಸಂಜೆ ಬನ್ನು ಕಟ್ಟಿಕೊಡುತ್ತ, ‘ಸಾರ್, ನಮ್ಮ ಪಿಕ್ಚರ್ ಬಗ್ಗೆ ಚೆನ್ನಾಗಿ ಬರ್ದಿದೀರಿ, ಅದ್ರಲ್ಲಿ ನಿಮಗೆ ಯಾವ ಸೀನ್ ಹಿಡಿಸ್ತು?’ ಎಂದು ಬಹಳ ಸಂತೋಷದಿಂದ ಕೇಳಿದರು. ನಾನು ‘ಡ್ಯಾನ್ಸು’ ಎಂದೆ. ಅವರ ಮುಖ ಸ್ವಲ್ಪ ಇಳಿಯಿತು. ಮರುದಿನ ಏನೂ ಹೇಳದೆ ಬ್ರೆಡ್ಡಿನ ಜೊತೆಗೆ ವಿಸಿಡಿಯೊಂದನ್ನು ಕೈಗಿಟ್ಟರು.

ನನಗೆ ಮಲಯಾಳಂ ಬಾರದು, ವಿಸಿಡಿಯಲ್ಲಿ ಅಡಿಬರಹವಿರಲಿಲ್ಲ. ಆದರೂ ಒಂದು ಮಾತೂ ತಪ್ಪದಂತೆ ಅರ್ಥವಾಯಿತು, ಏಕೆಂದರೆ ಕನ್ನಡದಲ್ಲಿ ನೋಡಿದ್ದೆನಲ್ಲ! ಪ್ರತಿಯೊಂದು ದೃಶ್ಯದಲ್ಲಿಯೂ, ಇಗೋ ಇಲ್ಲಿ ವಿಷ್ಣುವರ್ಧನ್ ಬರಬೇಕು, ಇಲ್ಲಿ ರಮೇಶ್ ಅರವಿಂದ್ ಗಾಬರಿಯಾಗಬೇಕು ಎಂದು ಕಾಯುತ್ತ ಕೂತಿದ್ದೆ. ಮೋಹನ್‌ಲಾಲ್ ಕಥೆ ಬಹುದೂರ ನಡೆದ ಮೇಲೆ ನಿಧಾನವಾಗಿ ಬಂದಾಗ, ಇದೇನು, ಇಷ್ಟು ಹೊತ್ತು ನಾಯಕನನ್ನು ಮರೆತೇಬಿಟ್ಟಿದ್ದರೇ ಎಂದುಕೊಂಡೆ. ನನ್ನ ಪಾಲಿಗೆ ಮಲಯಾಳಂ ಚಿತ್ರವೇ ಕನ್ನಡದ ರೀಮೇಕ್ ಆಗಿತ್ತು. ಇತಿಹಾಸದಲ್ಲಿ ಯಾವುದು ಮೊದಲಾದರೂ ನೋಡುವವನ ಹೆದರಿಕೆಗೆ ಮೊದಲು ಕಂಡದ್ದೇ ಮೂಲ. ಹೋಲಿಕೆ ಬರೆಯುವವರು ಯಾವುದನ್ನು ಮೊದಲು ನೋಡಿದೆ ಎಂಬುದನ್ನು ಬಚ್ಚಿಟ್ಟರೆ ಮುಂದಿನ ಮಾತುಗಳೆಲ್ಲ ಸೊಟ್ಟಗಾಗುತ್ತವೆ.

ಮಲಯಾಳಂ ಚಿತ್ರದಲ್ಲಿ ನಾನು ಹೆದರಿದ್ದು ನೃತ್ಯದಲ್ಲಿ ಅಲ್ಲವೇ ಅಲ್ಲ. ಪೇಟೆಗೆ ಹೊರಡಲು ಸಿದ್ಧಳಾದ ಗಂಗೆಯನ್ನು, ಅಂದರೆ ಶೋಭನಾಳ ಪಾತ್ರವನ್ನು, ಗಂಡ ನಕುಲನ್ ಬೇಡವೆಂದು ತಡೆಯುತ್ತಾನಲ್ಲ, ಆ ದೃಶ್ಯದಲ್ಲಿ. ಹೋದರೇನು ಎಂದು ಅವಳು ಕೇಳುವಾಗ ಮೊದಲು ಮುನಿಸಿಕೊಂಡ ಹೆಂಡತಿಯ ದನಿ, ಮರುಕ್ಷಣ ಬೇರೆ ಯಾರದೋ ಕೊರಳು, ತಮಿಳು, ಮಂಚವನ್ನೇ ಎತ್ತುವ ಕೈ. ಅವನು ಹೆಸರು ಹಿಡಿದು ಕೂಗಿದಾಗ ಏನಾಯಿತೆಂದು ತಿಳಿಯದ ಹಳೆಯ ಹೆಂಡತಿ. ನಮ್ಮ ಮನೆಯದೂ ಹಾಗೆಯೇ ಕರ್ರೆನ್ನುವ ಹಳೆಯ ಮಂಚವಾದ್ದರಿಂದ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಗಂಗೆಗೆ ಭಾಗ್ಯಲಕ್ಷ್ಮಿ ಎಂಬ ಕಂಠದಾನ ಕಲಾವಿದೆ ದನಿ ಕೊಟ್ಟಿದ್ದರೆಂದೂ, ನಾಗವಲ್ಲಿಯ ತಮಿಳು ಮಾತುಗಳನ್ನು ಆಡಿದವರು ದುರ್ಗಾ ಎಂಬ ಇನ್ನೊಬ್ಬ ಕಲಾವಿದೆಯೆಂದೂ ಬಹಳ ವರ್ಷಗಳ ನಂತರ ತಿಳಿಯಿತು. ಒಂದು ಮೈ, ಎರಡು ಕೊರಳು. ನನ್ನ ನಿದ್ದೆ ಕೆಟ್ಟದ್ದಕ್ಕೆ ಕಾರಣ ಅಲ್ಲಿತ್ತು! ನಿನ್ನ ‘ಸೂಕ್ಷ್ಮತೆ’ ಎಂಬ ಪದವನ್ನು ಬಗೆದು ನೋಡಿದರೆ ಇಂಥದ್ದೇನಾದರೂ ಸಿಗಬೇಕು, ಸಿಗದಿದ್ದರೆ ಆ ಪದವನ್ನು ಹೊಡೆದುಹಾಕು.

ನಿನ್ನ ಲೇಖನದಲ್ಲಿ ಒಂದು ಪ್ಯಾರಾ ನಿಜವಾಗಿಯೂ ಚೆನ್ನಾಗಿದೆ, ಅದನ್ನು ನೀನೇ ಅವಸರದಲ್ಲಿ ದಾಟಿಹೋಗಿದ್ದೀಯೆ. ಹೆಸರುಗಳ ಬಗೆಗಿನ ಮಾತು. ಮಲಯಾಳಂ ಚಿತ್ರದ ಹೆಸರಿರುವುದು ಮನೆಯ ದಕ್ಷಿಣದ ಕೋಣೆಗೆ, ಅವರು ತೆಕ್ಕಿನಿ ಎನ್ನುವ ಆ ಭಾಗಕ್ಕೆ, ಹಾಕಿದ ಚಿತ್ತಾರದ ಬೀಗದ ಮೇಲೆ. ಕನ್ನಡದ ಹೆಸರು ಕಾಪಾಡಲು ಬರುವ ಗೆಳೆಯನದು. 2005ರ ತಮಿಳು ಚಿತ್ರಕ್ಕೆ ಸತ್ತ ನರ್ತಕಿಯ ಹೆಸರೇ ‘ಚಂದ್ರಮುಖಿ’ ಎಂದಾಯಿತು. 2007ರಲ್ಲಿ ಹಿಂದಿಗೆ ಹೋದಾಗ ಅದು ದಾರಿ ತಪ್ಪಿಸುವ ಚಕ್ರವ್ಯೂಹ, ‘ಭೂಲ್ ಭುಲಯ್ಯಾ’. ಒಂದೇ ಕಥೆಯಲ್ಲಿ ಒಬ್ಬರಿಗೆ ಬೀಗ ಮುಖ್ಯ, ಒಬ್ಬರಿಗೆ ಮಿತ್ರ, ಒಬ್ಬರಿಗೆ ದೆವ್ವ. ನಮ್ಮ ಚಿತ್ರ ನಾಯಕನ ಕಡೆಗೆ ವಾಲಿದ್ದು ಹೆಸರಿನಲ್ಲೇ ಕಾಣುತ್ತದೆ ಎಂದು ನೀನು ಹೇಳಿದ್ದು ಸರಿ. ಮಲಯಾಳಂ ಚಿತ್ರದಲ್ಲಿ ಗಂಗೆಯ ಬಾಲ್ಯಕ್ಕೆ ಒಂದು ತೂಕವಿದೆ. ತಂದೆತಾಯಿ ಕಲ್ಕತ್ತೆಯಲ್ಲಿ, ಹುಡುಗಿ ಊರಿನಲ್ಲಿ ಅಜ್ಜಿಯ ಕಥೆಗಳ ನಡುವೆ, ಪರೀಕ್ಷೆಯ ಹೊತ್ತಿಗೆ ಅವಳನ್ನು ಇದ್ದಕ್ಕಿದ್ದಂತೆ ಕಿತ್ತು ಕರೆದೊಯ್ಯಲು ಬಂದದ್ದು. ಆ ಎಳೆ ಹಿಡಿದರೆ ಅವಳ ಮನಸ್ಸಿನ ಕಾಯಿಲೆ ತಿಳಿಯುತ್ತದೆ. ಅಜ್ಜಿಯ ಕಥೆ ಕೇಳಿ ಬೆಳೆದ ಹುಡುಗಿಯ ಚಿತ್ರವನ್ನು ಅಜ್ಜಿಯ ಸೆರಗು ಹಿಡಿದ ಹುಡುಗಿ ನೋಡಿ, ಅದರ ಬಗ್ಗೆ ಒಂದು ಸಾಲೂ ಬರೆಯದಿರುವುದೆಂದರೆ ನನಗೆ ಸಿಟ್ಟು ಬಾರದೆ ಇನ್ನೇನಾಗಬೇಕು?

ಇನ್ನೊಂದು ಸಂಗತಿಯನ್ನು ನೀನು ನೋಡಿಯೂ ನೋಡದಂತೆ ಬಿಟ್ಟಿದ್ದೀಯೆ. ದೆವ್ವದ ಭಾಷೆ. ಕೇರಳದ ಮನೆಯಲ್ಲಿ ತಂಜಾವೂರಿನ ನರ್ತಕಿ ತಮಿಳಿನಲ್ಲಿ ಮಾತಾಡಿದ್ದರಿಂದಲೇ ಮೈ ಜುಮ್ಮೆಂದಿತು, ಸಂಗೀತ ನಿರ್ದೇಶಕ ಎಂ.ಜಿ. ರಾಧಾಕೃಷ್ಣನ್ ಅಲ್ಲಿನ ಒಂದು ಹಾಡಿಗೆ ಆಹಿರಿ ರಾಗವನ್ನು ಹಿಡಿದರು. ಆಹಿರಿ ಹಾಡಿದವರಿಗೆ ಅಂದು ಅನ್ನ ಸಿಗದೆಂಬ ಮಾತು ನಮ್ಮ ಸಂಗೀತಗಾರರ ಮನೆಗಳಲ್ಲಿಯೂ ಇದೆ. ಕನ್ನಡಕ್ಕೆ ತರುವಾಗ ನಿರ್ದೇಶಕ ಪಿ. ವಾಸು ನಾಗವಲ್ಲಿ ಎಂಬ ಹೆಸರನ್ನು ಉಳಿಸಿಕೊಂಡು ಅವಳನ್ನು ತೆಲುಗಿನವಳನ್ನಾಗಿಸಿದರು. ಗುರುಕಿರಣ್ ಸಂಗೀತದ ‘ರಾ ರಾ’ ಬಂತು. ವಾಸು ಅವರೇ ತಮಿಳಿನಲ್ಲಿ ತೆಗೆಯುವಾಗ ಮೂಲದ ತಮಿಳು ದೆವ್ವ ತಮಿಳರಿಗೆ ಪರಕೀಯಳಾಗುವುದು ಸಾಧ್ಯವಿರಲಿಲ್ಲ. ಕನ್ನಡದ ದಾರಿಯಲ್ಲೇ ಹೋಗಿ ಅಲ್ಲಿಯೂ ತೆಲುಗು ಉಳಿಯಿತು. ಹಿಂದಿಯಲ್ಲಿ ಅವಳು ಬಂಗಾಳಿ. ಪ್ರತಿಯೊಂದು ನಾಡೂ ತನ್ನ ಹೆದರಿಕೆಯನ್ನು ಪಕ್ಕದ ಮನೆಯ ಭಾಷೆಯಿಂದಲೇ ಕಡ ತಂದಿದೆ. ಇದನ್ನು ನಕಲು ಎಂದು ಒಂದೇ ಏಟಿಗೆ ತಳ್ಳಿಹಾಕಬಹುದೇ? ಆ ದಿನಗಳಲ್ಲಿ ಇಲ್ಲಿ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವಂತಿರಲಿಲ್ಲ. ರೀಮೇಕ್ ಇಲ್ಲದೆ ಹೋಗಿದ್ದರೆ ನಾಗವಲ್ಲಿ ನಿನ್ನ ಅಜ್ಜಿಯ ಹಿತ್ತಲಿನವರೆಗೆ ಕನ್ನಡದಲ್ಲಿ ನಡೆದುಬರುತ್ತಿರಲಿಲ್ಲ. (ಮೂಲದಲ್ಲಿ ನಾಗವಲ್ಲಿಯ ಪ್ರಿಯಕರನಾದ ನರ್ತಕ ನಮ್ಮ ಶ್ರೀಧರ್ ಎಂಬುದನ್ನು ನೀನು ಬರೆಯದಿದ್ದದ್ದು ನನಗೆ ಆಶ್ಚರ್ಯ. ಕನ್ನಡ ಹೀಗೆ ಆ ಮನೆಯೊಳಗೆ ಹನ್ನೊಂದು ವರ್ಷ ಮೊದಲೇ ಹೆಜ್ಜೆಯಿಟ್ಟಿತ್ತು.)

ಈಗ ನಾನು ಬಚ್ಚಿಟ್ಟದ್ದನ್ನು ಹೇಳುತ್ತೇನೆ. ‘ಆಪ್ತಮಿತ್ರ’ದ ಗಂಗೆಯಾಗಿ ನಟಿಸಿದ್ದ ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಹೊರವಲಯದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಂದದ್ದು ನಾಲ್ಕು ತಿಂಗಳ ಮೇಲೆ. ಮೊದಲ ವಾರ ನಾನು ನೋಡಿದ ಚಿತ್ರಮಂದಿರದಲ್ಲಿ ವಿಷ್ಣುವರ್ಧನ್ ಬಂದಾಗಲೆಲ್ಲ ಶಿಳ್ಳೆ, ದ್ವಾರಕೀಶ್ ಬಂದರೆ ನಗು. ‘ರಾ ರಾ’ ಶುರುವಾದಾಗ ಮಾತ್ರ ಗದ್ದಲ ತಾನಾಗಿ ಅಡಗಿತು. ಮುಳಬಾಗಿಲಿನ, ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಓಡಾಡುವ ಸೀಮೆಯ ಮಗಳು, ತೆಲುಗಿನಲ್ಲಿ ದೊಡ್ಡ ತಾರೆಯಾದವಳು, ಸತ್ತವಳ ತೆಲುಗಿಗೆ ಕುಣಿಯುತ್ತಿದ್ದಳು, ತಾನೂ ಇಲ್ಲದವಳಾಗಿ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ‘ಪಾಪ, ಹೋಗ್ಬಿಟ್ಲಲ್ಲ’ ಎಂದರು. ನನ್ನ ತೋಳಿನ ರೋಮ ನೆಟ್ಟಗಾಯಿತು. ಮೂಲ ಚಿತ್ರದಲ್ಲಿ ಈ ಭಯವಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಯಾವ ನಿರ್ದೇಶಕನೂ ಬೇಡಿಕೊಂಡು ಪಡೆದದ್ದಲ್ಲ ಅದು. ಅಂದು ರಾತ್ರಿ ಮನೆಗೆ ಬಂದು ನಾನು ‘ಆಡಂಬರ’ ಎಂದು ಬರೆದೆ. ಆ ಹೆಂಗಸಿನ ಮಾತನ್ನು ಬರೆದರೆ ವಿಮರ್ಶೆ ತೀರಾ ಹಗುರಾಗುತ್ತದೆಂದು ಅನ್ನಿಸಿತ್ತು.

ಮಲಯಾಳಂ ಚಿತ್ರವೇ ದೊಡ್ಡದು ಎಂದು ಇಂದಿಗೂ ಹೇಳುತ್ತೇನೆ, ತಪ್ಪು ತಿಳಿಯಬೇಡ. ಅದರ ಹೆಣಿಗೆ ಬಿಗಿ, ನಗುವಿನ ಮಗ್ಗುಲಲ್ಲೇ ಭಯವನ್ನು ಕೂರಿಸುವ ಕೈ ಅದಕ್ಕಿದೆ, ಕೊನೆಯಲ್ಲಿ ಮಂತ್ರವಾದಿಯೂ ಮನೋವೈದ್ಯನೂ ಜೊತೆ ಸೇರಿ ಹೂಡುವ ಆಟದಲ್ಲಿ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮುಂದೊಮ್ಮೆ ಕೊಚ್ಚಿ ಬಳಿಯ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೆಸ್ ಎಂಬ ಅರಮನೆಯ ವಸ್ತುಸಂಗ್ರಹಾಲಯಕ್ಕೆ, ಅದರ ಚಿತ್ರೀಕರಣ ನಡೆದ ಜಾಗಗಳಲ್ಲೊಂದು ಎಂಬ ಕಾರಣಕ್ಕಾಗಿಯೇ, ಹೋಗಿಬಂದೆ. ಶಾಲೆಯ ಮಕ್ಕಳು ಸಾಲಾಗಿ ಕಿರೀಟಗಳನ್ನು ನೋಡುತ್ತಿದ್ದರು, ಹೆದರುವಂಥದ್ದೇನೂ ಇರಲಿಲ್ಲ. ನಿನ್ನ ತೀರ್ಪೂ ನನ್ನದೂ ಒಂದೇ ಆಗಿರಬಹುದು. ಆದರೆ ನನ್ನದನ್ನು ತಲುಪಲು ನಾನು ಒಂದು ಸುಳ್ಳು ಬರೆದು, ಒಬ್ಬ ಒಳ್ಳೆಯ ಮನುಷ್ಯರ ಎದುರು ತಲೆ ತಗ್ಗಿಸಿ, ಎರಡು ಚಿತ್ರಗಳನ್ನೂ ಮೂರು ಮೂರು ಬಾರಿ ನೋಡಬೇಕಾಯಿತು. ನೀನು ಒಂದು ಬಸ್ಸಿನಲ್ಲಿ ಕೂತು ಬಂದಷ್ಟು ಸುಲಭವಾಗಿ ಅಲ್ಲಿಗೆ ಬಂದಿಳಿದಿದ್ದೀಯೆ.

ಬರೆಯುವುದನ್ನು ಬಿಡುತ್ತೇನೆಂಬ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಬಿಡುವವರು ಹನ್ನೆರಡು ಪುಟಗಳನ್ನು ಶುದ್ಧಪ್ರತಿ ಮಾಡಿ ನನ್ನಂಥ ಮುದುಕನ ವಿಳಾಸ ಹುಡುಕಿ ಕಳುಹಿಸುವುದಿಲ್ಲ. ಮೊದಲ ನಾಲ್ಕು ಪುಟಗಳನ್ನು ತೆಗೆದುಬಿಡು. ಹಿತ್ತಲಿನ ಕತ್ತಲಿನಿಂದ ಶುರುಮಾಡಿ, ಹದಿಮೂರು ವರ್ಷದ ಮೇಲೆ ಶೋಭನಾ ಮಂಚ ಎತ್ತಿದಾಗ ನಿನ್ನ ಕೈ ಯಾವ ಸೆರಗನ್ನು ಹುಡುಕಿತು ಎಂಬಲ್ಲಿಗೆ ಬಾ. ಏನನ್ನೂ ಹುಡುಕಲಿಲ್ಲ, ಸ್ವಲ್ಪವೂ ಹೆದರಿಕೆಯಾಗಲಿಲ್ಲ ಎನ್ನುವುದಾದರೆ ಅದನ್ನೇ ಬರೆ. ಅಷ್ಟು ಧೈರ್ಯ ನಮ್ಮ ಪೈಕಿ ಯಾರಿಗೂ ಇರಲಿಲ್ಲ.

ಅಜ್ಜಿ ಇನ್ನೂ ಗಟ್ಟಿಯಾಗಿದ್ದಾರೆಂದು ಬರೆದಿದ್ದೀಯೆ. ಮಲಯಾಳಂ ಚಿತ್ರವನ್ನು ಅವರ ಪಕ್ಕದಲ್ಲಿ ಕೂತು ಇನ್ನೊಮ್ಮೆ ನೋಡು. ಅವರು ಎಲ್ಲಿ ಗಟ್ಟಿಯಾಗಿ ಮಾತಾಡಲು ಶುರುಮಾಡುತ್ತಾರೋ ಗಮನಿಸಿ ನನಗೆ ತಿಳಿಸು. 2004ರ ನನ್ನ ವಿಮರ್ಶೆಯ ಹಾಳೆಯನ್ನು ಇದರೊಡನೆ ಇಟ್ಟಿದ್ದೇನೆ, ನನ್ನಲ್ಲಿ ಇರುವುದು ಅದೊಂದೇ ಪ್ರತಿ. ಓದಿದ ಮೇಲೆ ತಪ್ಪದೆ ವಾಪಸು ಕಳುಹಿಸು.

ಇತಿ ನಿನ್ನ ಹಿತೈಷಿ